ಇಲಿಯ ಮೈಯಲ್ಲಿ ಮನುಷ್ಯನ ರಕ್ಷಣಾ ಕೋಶ: ಹಿಡಿಯುವುದು ಹೇಗೆ, ಹೇಳುವುದೇನು?

ಪ್ರಶ್ನೆ: ನಾವು ಕಾಸರಗೋಡು ಜಿಲ್ಲೆಯ ಪೆರ್ಲದ ಬದಿಯ ಅಡಿಕೆ ಕೃಷಿಕರು. ಮಗಳು ಬೆಂಗಳೂರಿನ ಒಂದು ಲ್ಯಾಬಿನಲ್ಲಿ ಪಿಎಚ್‌.ಡಿ.ಗೆ ಸೇರಿದ್ದಾಳೆ. ರೋಗನಿರೋಧಕ ಶಕ್ತಿಯೇ ಇಲ್ಲದ ಇಲಿಗಳಿಗೆ ಮನುಷ್ಯರ ರೋಗನಿರೋಧಕ ಕೋಶಗಳನ್ನು ಹಾಕಿ ನೋಡುವ ಕೆಲಸವಂತೆ. ನನ್ನ ಭಾವನಿಗೆ ಮಂಗಳೂರಿನಲ್ಲಿ ಕಿಡ್ನಿ ಕಸಿ ಆಗಿದೆ. ಕೊಟ್ಟದ್ದು ಸ್ವಂತ ತಂಗಿ, ಆದರೂ ದಿನಾ ಮಾತ್ರೆ ತಪ್ಪಿಸುವ ಹಾಗಿಲ್ಲ. ಹಾಗಿರುವಾಗ ಇಲಿಯ ಮೈಗೆ ಮನುಷ್ಯನ ಕೋಶ ಹಿಡಿಯುವುದು ಹೇಗೆ? ನಾವು ಹಿಪ್ಪಲಿ ಗಿಡಕ್ಕೆ ಕಾಳುಮೆಣಸು ಕಸಿ ಕಟ್ಟುತ್ತೇವಲ್ಲ, ಆ ಥರವಾ? ಇದರಿಂದ ಎಂತ ಗೊತ್ತಾಗುತ್ತದೆ? ಇಲಿಗಳಿಗೆ ಹಿಂಸೆ ಅಲ್ವಾ? ಮತ್ತೊಂದು, ಮಳೆಗಾಲ ಬಂತೆಂದರೆ ನಮ್ಮಲ್ಲಿ ಇಲಿಜ್ವರದ ಹೆದರಿಕೆ. ಅವಳಿಗೆ ಏನೂ ಆಗಲಿಕ್ಕಿಲ್ಲ ತಾನೇ?

ಉತ್ತರ: ಹಿಪ್ಪಲಿ ಕಸಿಯಿಂದಲೇ ಶುರು ಮಾಡೋಣ. ಕಾಳುಮೆಣಸೂ ಕಸಿಗೆ ಬಳಸುವ ಬ್ರೆಜಿಲ್ ಮೂಲದ ಹಿಪ್ಪಲಿಯೂ ಒಂದೇ ಕುಲದ ಗಿಡಗಳು. ಎರಡರ ನಾಳಗಳು ಕೂಡಿಕೊಂಡರೆ ಕಸಿ ಹಿಡಿಯಿತು ಎಂದು ಲೆಕ್ಕ. ‘ಇದು ಹೊರಗಿನದು’ ಎಂದು ಮೈಯೆಲ್ಲ ತಿರುಗಿ ಹುಡುಕಿ ಕೊಲ್ಲುವ ಕೋಶಗಳು ಗಿಡಗಳಲ್ಲಿಲ್ಲ. ನಮ್ಮಲ್ಲೂ ಇಲಿಯಲ್ಲೂ ಅವು ಉಂಟು. ವ್ಯತ್ಯಾಸ ಇರುವುದೇ ಅಲ್ಲಿ. ಮನುಷ್ಯ ಮತ್ತು ಇಲಿಯ ವಂಶ ಬೇರೆಯಾಗಿ ಏಳೆಂಟು ಕೋಟಿ ವರ್ಷಗಳೇ ಆಗಿವೆ. ಸಾಮಾನ್ಯ ಇಲಿಗೆ ಮನುಷ್ಯನ ರಕ್ತಕೋಶ ಹಾಕಿದರೆ ಕೆಲವೇ ದಿನಗಳಲ್ಲಿ ಅದರ ಗುರುತೂ ಉಳಿಯುವುದಿಲ್ಲ.

ನಿಮ್ಮ ಭಾವನ ಮಾತ್ರೆ ಏನು ಮಾಡುತ್ತದೆ ಗೊತ್ತಾ? ಕಿಡ್ನಿ ಕಸಿ ಆದವರಲ್ಲಿ ಹೆಚ್ಚಿನವರಿಗೆ ಟ್ಯಾಕ್ರೊಲಿಮಸ್ ಎಂಬ ಔಷಧಿ ಕೊಡುತ್ತಾರೆ. ಅದು ಟಿ ಕೋಶ ಎಂಬ ಬಿಳಿ ರಕ್ತಕಣಗಳು ಕೆರಳದ ಹಾಗೆ ನೋಡಿಕೊಳ್ಳುತ್ತದೆ. ಕೋಶಗಳು ಮೈಯಲ್ಲೇ ಇರುತ್ತವೆ, ಸುಮ್ಮನಿರುತ್ತವೆ ಅಷ್ಟೆ. ಮಾತ್ರೆ ಬಿಟ್ಟರೆ ಮತ್ತೆ ಎದ್ದವು. ಮಗಳ ಇಲಿಗಳಲ್ಲಿ ಈ ಕೋಶಗಳು ಬಲಿಯುವುದೇ ಇಲ್ಲ. ಅವು ಔಷಧಿಯಿಂದ ಆದ ಇಲಿಗಳಲ್ಲ, ವಂಶದಿಂದಲೇ ಹಾಗೆ.

ಆದರೆ ಅಂಥ ಇಲಿ ಒಮ್ಮೆಲೇ ಸಿಗಲಿಲ್ಲ. 1962ರಲ್ಲಿ ಸ್ಕಾಟ್ಲೆಂಡಿನ ಗ್ಲಾಸ್ಗೋದಲ್ಲಿ ರೋಮವೇ ಇಲ್ಲದ ಇಲಿಮರಿಗಳು ಕಣ್ಣಿಗೆ ಬಿದ್ದವು. ಅವಕ್ಕೆ ಥೈಮಸ್ ಗ್ರಂಥಿಯೇ ಇಲ್ಲ ಎಂದು ಗೊತ್ತಾದದ್ದು 1968ರಲ್ಲಿ. ಥೈಮಸ್ ಎಂದರೆ ಎದೆಗೂಡಿನಲ್ಲಿ, ಹೃದಯದ ಮೇಲ್ಭಾಗದಲ್ಲಿರುವ ಸಣ್ಣ ಗ್ರಂಥಿ. ಟಿ ಕೋಶಗಳು ಬಲಿಯುವುದೂ, ಯಾರು ನಮ್ಮವರು ಎಂದು ಕಲಿಯುವುದೂ ಅಲ್ಲಿ. ಈ ‘ನ್ಯೂಡ್’ ಇಲಿಗಳಲ್ಲಿ ಮನುಷ್ಯನ ಕ್ಯಾನ್ಸರ್ ಗಡ್ಡೆ ಬೆಳೆಯಿತು. ಮನುಷ್ಯನ ರಕ್ತಕೋಶ ಮಾತ್ರ ಸರಿಯಾಗಿ ನಿಲ್ಲಲಿಲ್ಲ. 1983ರಲ್ಲಿ ಫಿಲಡೆಲ್ಫಿಯಾದ ಮೆಲ್ವಿನ್ ಬೋಸ್ಮಾ ತಂಡ ‘ಸ್ಕಿಡ್’ ಇಲಿಯನ್ನು ವರದಿ ಮಾಡಿತು. ಒಂದು ತಳಿಯ ಕೆಲವು ಇಲಿಗಳ ರಕ್ತದಲ್ಲಿ ಪ್ರತಿಕಾಯಗಳೇ (ರೋಗಾಣುವಿಗೆ ಅಂಟಿಕೊಳ್ಳುವ ರಕ್ಷಣಾ ಪ್ರೋಟೀನ್) ಕಾಣದಿದ್ದಾಗ ಅವರಿಗೆ ಅನುಮಾನ ಬಂದಿತ್ತು. ಟಿ ಕೋಶಗಳೂ ಪ್ರತಿಕಾಯ ತಯಾರಿಸುವ ಬಿ ಕೋಶಗಳೂ ಬಲಿಯುವಾಗ ತಮ್ಮ ಡಿಎನ್‌ಎಯ ಒಂದು ಭಾಗವನ್ನು ತಾವೇ ಕತ್ತರಿಸಿ ಹೊಸದಾಗಿ ಜೋಡಿಸಿಕೊಳ್ಳುತ್ತವೆ. ಸ್ಕಿಡ್ ಇಲಿಗೆ ಕತ್ತರಿಸಲು ಬರುತ್ತದೆ, ಜೋಡಿಸಲು ಬರುವುದಿಲ್ಲ. ಹಾಗಾಗಿ ಎರಡೂ ಬಗೆಯ ಕೋಶಗಳು ಎಳೆಯದರಲ್ಲೇ ಸಾಯುತ್ತವೆ. 1988ರಲ್ಲಿ ಅಮೆರಿಕದ ಎರಡು ತಂಡಗಳು ಬೇರೆ ಬೇರೆ ದಾರಿಯಲ್ಲಿ ಈ ಇಲಿಗಳಿಗೆ ಮನುಷ್ಯನ ರೋಗನಿರೋಧಕ ಕೋಶಗಳನ್ನು ಹಾಕಿ ತೋರಿಸಿದವು. ನಿಮ್ಮ ಮಗಳ ಕೆಲಸದ ಮೂಲ ಅದು.

ಆಗಲೂ ಕೋಶಗಳು ಚೆನ್ನಾಗಿ ನಿಲ್ಲುತ್ತಿರಲಿಲ್ಲ. ಇನ್ನೂ ಇಬ್ಬರು ಕಾವಲುಗಾರರು ಉಳಿದಿದ್ದರು. ಒಬ್ಬರು ಎನ್‌ಕೆ ಕೋಶಗಳು. ಇವು ಕಲಿತು ಕೊಲ್ಲುವವಲ್ಲ, ಹುಟ್ಟಿನಿಂದಲೇ ಕೊಲೆಗಾರರು. ಇನ್ನೊಬ್ಬರು ಮ್ಯಾಕ್ರೊಫೇಜುಗಳು, ಕಂಡದ್ದನ್ನು ನುಂಗುವವರು.

ಮ್ಯಾಕ್ರೊಫೇಜಿನ ಸಮಸ್ಯೆ ಬಗೆಹರಿದ ಕತೆ ನನಗೆ ಬಹಳ ಇಷ್ಟ, ಯಾಕೆಂದರೆ ಅದನ್ನು ಯಾರೂ ಯೋಜನೆ ಹಾಕಿ ಮಾಡಿದ್ದಲ್ಲ. ಜಪಾನಿನಲ್ಲಿ ಸಕ್ಕರೆ ಕಾಯಿಲೆಯ ಅಧ್ಯಯನಕ್ಕೆ ಬೆಳೆಸಿದ ‘ಎನ್‌ಒಡಿ’ ಎಂಬ ಇಲಿ ತಳಿ ಉಂಟು. ಸ್ಕಿಡ್ ದೋಷವನ್ನು ಈ ತಳಿಗೆ ತಂದಾಗ ಮನುಷ್ಯನ ಕೋಶಗಳು ಇದ್ದಕ್ಕಿದ್ದಂತೆ ಚೆನ್ನಾಗಿ ನಿಲ್ಲತೊಡಗಿದವು. ಕಾರಣ ಗೊತ್ತಾದದ್ದು ವರ್ಷಗಳ ಮೇಲೆ. ನಮ್ಮ ಕೋಶಗಳ ಮೇಲೆ ಸಿಡಿ47 ಎಂಬ ಪ್ರೋಟೀನ್ ಇದೆ. ‘ನನ್ನನ್ನು ತಿನ್ನಬೇಡ’ ಎಂದು ಮ್ಯಾಕ್ರೊಫೇಜಿಗೆ ಹೇಳುವ ಗುರುತು ಅದು. ಬೇರೆ ಇಲಿಗಳ ಮ್ಯಾಕ್ರೊಫೇಜಿಗೆ ಮನುಷ್ಯನ ಈ ಗುರುತು ಸರಿಯಾಗಿ ಅರ್ಥವಾಗುವುದಿಲ್ಲ. ಎನ್‌ಒಡಿ ಇಲಿಯದ್ದಕ್ಕೆ ಮಾತ್ರ ಸುಮ್ನೆ ಅದೃಷ್ಟದಿಂದ ಚೆನ್ನಾಗಿಯೇ ಅರ್ಥವಾಗುತ್ತದೆ.

ಎನ್‌ಕೆ ಕೋಶ ತೆಗೆಯುವ ದಾರಿಯನ್ನು ತೋರಿಸಿದ್ದು ಒಂದು ಮನುಷ್ಯರ ಕಾಯಿಲೆ. ಅಮೆರಿಕದ ಟೆಕ್ಸಾಸಿನಲ್ಲಿ ಡೇವಿಡ್ ವೆಟರ್ ಎಂಬ ಹುಡುಗ 1971ರಲ್ಲಿ ಹುಟ್ಟಿದ. ರೋಗನಿರೋಧಕ ಶಕ್ತಿಯೇ ಇಲ್ಲದ್ದರಿಂದ ಪ್ಲಾಸ್ಟಿಕ್ ಗುಳ್ಳೆಯಂಥ ಕೋಣೆಯಲ್ಲೇ ಬೆಳೆದ, 1984ರಲ್ಲಿ 12ನೇ ವಯಸ್ಸಿನಲ್ಲಿ ತೀರಿಕೊಂಡ. ಅವನಿಗಿದ್ದ ಕಾಯಿಲೆಗೆ ಕಾರಣ ಯಾವ ಜೀನ್ ಎಂದು 1993ರಲ್ಲಿ ಗೊತ್ತಾಯಿತು. ಅದೇ ಜೀನನ್ನು ಇಲಿಯಲ್ಲಿ ತೆಗೆದರೆ ಎನ್‌ಕೆ ಕೋಶಗಳೂ ಹುಟ್ಟುವುದಿಲ್ಲ. ಸ್ಕಿಡ್, ಎನ್‌ಒಡಿ, ಈ ಜೀನ್ ದೋಷ, ಮೂರನ್ನೂ ಕೂಡಿಸಿದ ‘ಎನ್‌ಒಜಿ’ ಇಲಿ 2002ರಲ್ಲಿ ಜಪಾನಿನಿಂದ ಬಂತು. 2005ರಲ್ಲಿ ಅಮೆರಿಕದ ಜಾಕ್ಸನ್ ಲ್ಯಾಬೊರೇಟರಿಯಿಂದ ‘ಎನ್‌ಎಸ್‌ಜಿ’ ಬಂತು. ಮಗಳು ಫೋನಿನಲ್ಲಿ ‘ಎನ್‌ಎಸ್‌ಜಿ’ ಎಂದರೆ ಕಮಾಂಡೊಗಳ ವಿಷಯ ಎಂದುಕೊಳ್ಳಬೇಡಿ.

ಇನ್ನು ಹಾಕುವ ಕೆಲಸ. ದಾನಿಯ ರಕ್ತವನ್ನು ಫೈಕಾಲ್ ಎಂಬ ದ್ರವದ ಮೇಲೆ, ಎರಡೂ ಬೆರೆಯದ ಹಾಗೆ, ಟ್ಯೂಬನ್ನು ಓರೆ ಹಿಡಿದು ನಿಧಾನಕ್ಕೆ ಬಿಡಬೇಕು. ಅರ್ಧ ಗಂಟೆ ಸೆಂಟ್ರಿಫ್ಯೂಜಿನಲ್ಲಿ ತಿರುಗಿಸಿದರೆ ಕೆಂಪು ರಕ್ತಕಣ ಅಡಿಗೆ ಹೋಗುತ್ತದೆ, ಹಳದಿ ಪ್ಲಾಸ್ಮಾ ಮೇಲೆ ನಿಲ್ಲುತ್ತದೆ. ನಡುವೆ ತೆಳ್ಳಗೆ ಮಸುಕಾದ ಬಿಳಿ ಉಂಗುರವೊಂದು ಕಾಣುತ್ತದೆ. ನಮಗೆ ಬೇಕಾದದ್ದು ಅದು. ಸೆಂಟ್ರಿಫ್ಯೂಜ್ ನಿಲ್ಲುವಾಗ ಬ್ರೇಕ್ ಹಾಕಬಾರದು. ಹಾಕಿದರೆ ಉಂಗುರ ಕಲಕಿಹೋಗುತ್ತದೆ. 10 ಮಿಲಿಲೀಟರ್ ರಕ್ತದಿಂದ ಒಂದರಿಂದ ಎರಡು ಕೋಟಿ ಕೋಶ ಸಿಗುತ್ತದೆ. ಒಂದು ಇಲಿಗೆ ಸಾಮಾನ್ಯವಾಗಿ 50 ಲಕ್ಷದಿಂದ ಒಂದು ಕೋಟಿ ಬೇಕು.

ಚುಚ್ಚುವುದು ಬಾಲದ ರಕ್ತನಾಳಕ್ಕೆ. ಇಲಿಯ ತೂಕ 20–25 ಗ್ರಾಂ, ಬಾಲದ ನಾಳ ಹೊಲಿಗೆ ನೂಲಿನಷ್ಟು. ಬಾಲವನ್ನು ಸ್ವಲ್ಪ ಬಿಸಿ ಮಾಡಿದರೆ ನಾಳ ಹಿಗ್ಗಿ ನೀಲಿಯಾಗಿ ಕಾಣುತ್ತದೆ. ಸೂಜಿ ನಾಳದೊಳಗೆ ಇದ್ದರೆ ದ್ರವ ತಡೆಯಿಲ್ಲದೆ ಹೋಗುತ್ತದೆ, ನಾಳ ಒಂದು ಕ್ಷಣ ಬಿಳಿಚಿಕೊಳ್ಳುತ್ತದೆ. ಸಿರಿಂಜ್ ಒತ್ತುವಾಗ ಬಿಗಿ ಬಂದರೆ ಸೂಜಿ ಹೊರಗಿದೆ ಎಂದರ್ಥ. ಹಾಗಾದ ಇಲಿಗೆ ಎಷ್ಟು ಕೋಶ ಒಳಗೆ ಹೋಯಿತೆಂದು ಹೇಳುವಂತಿಲ್ಲ. ಅದನ್ನು ಪುಸ್ತಕದಲ್ಲಿ ಬರೆದಿಡದೆ ಮುಂದೆ ಹೋದರೆ ಎರಡು ತಿಂಗಳ ಮೇಲೆ ಸಿಗುವ ಅಂಕಿ ನಂಬಿಕೆಗೆ ಯೋಗ್ಯವಲ್ಲ. ಹೊಸಬರಿಗೆ ನಾನು ಮೊದಲು ಹೇಳಿಕೊಡುವುದು ಸೂಜಿ ಹಾಕುವುದನ್ನಲ್ಲ, ಇದನ್ನು.

ಹೀಗೆ ಬಲಿತ ರಕ್ತಕೋಶ ಹಾಕುವುದು ಒಂದು ದಾರಿ. ಬೇಗ ಆಗುತ್ತದೆ, ಕೆಲವೇ ವಾರಗಳಲ್ಲಿ ಇಲಿಯ ರಕ್ತದಲ್ಲಿ ಮನುಷ್ಯನ ಟಿ ಕೋಶ ಸಿಗುತ್ತದೆ. ಆದರೆ ಬೆಳೆಯುವುದು ಹೆಚ್ಚುಕಡಿಮೆ ಟಿ ಕೋಶ ಮಾತ್ರ. ಇನ್ನೊಂದು ದಾರಿ ಹೊಕ್ಕುಳಬಳ್ಳಿಯ ರಕ್ತದಿಂದ ತೆಗೆದ ಕಾಂಡಕೋಶ, ಎಂದರೆ ಬೇರೆ ಬೇರೆ ರಕ್ತಕೋಶಗಳನ್ನು ಹುಟ್ಟಿಸಬಲ್ಲ ಮೂಲ ಕೋಶ, ಹಾಕುವುದು. ಮೊದಲು ಇಲಿಗೆ ಸ್ವಲ್ಪ ವಿಕಿರಣ ಕೊಟ್ಟು ಮೂಳೆಮಜ್ಜೆಯಲ್ಲಿ ಜಾಗ ಮಾಡಬೇಕು. ಇಲ್ಲೊಂದು ಸೂಕ್ಷ್ಮ ಇದೆ. ಸ್ಕಿಡ್ ದೋಷ ಎಂದರೆ ಡಿಎನ್‌ಎ ಜೋಡಿಸಲಾಗದ ದೋಷ ಅಂದೆನಲ್ಲ, ಹಾಗಾಗಿ ಬೇರೆ ಇಲಿಗಳು ತಡೆದುಕೊಳ್ಳುವಷ್ಟು ವಿಕಿರಣವನ್ನು ಇವು ತಡೆಯುವುದಿಲ್ಲ. ಆಮೇಲೆ ಮೂರು ತಿಂಗಳಾದರೂ ಕಾಯಬೇಕು. ಆಗ ಮನುಷ್ಯನ ಬಿ ಕೋಶವೂ ಬರುತ್ತದೆ, ಟಿ ಕೋಶವೂ ಬರುತ್ತದೆ. ಆದರೆ ಆ ಟಿ ಕೋಶಗಳು ಪಾಠ ಕಲಿತದ್ದು ಇಲಿಯ ಥೈಮಸಿನಲ್ಲಿ! ಪ್ರತಿಕಾಯಗಳೂ ಹೆಚ್ಚಾಗಿ ಮೊದಲ ಹಂತದ ಐಜಿಎಂ ಬಗೆಯಲ್ಲೇ ನಿಲ್ಲುತ್ತವೆ. ಇಲಿಯೇನೂ ಮನುಷ್ಯನ ಹಾಗೆ ಆಗುವುದಿಲ್ಲ. ರಕ್ತಕೋಶಗಳಲ್ಲಿ ಒಂದು ಪಾಲು ನಮ್ಮದು, ಉಳಿದ ಮೈಯೆಲ್ಲ ಇಲಿಯದ್ದೇ.

ಈಗ ನಿಮ್ಮ ಪ್ರಶ್ನೆಯನ್ನು ಸ್ವಲ್ಪ ತಿರುಗಿಸುತ್ತೇನೆ. ಇಲಿ ಯಾಕೆ ಕೋಶವನ್ನು ತಿರಸ್ಕರಿಸುವುದಿಲ್ಲ ಎಂದು ಕೇಳಿದಿರಿ. ಬಲಿತ ಕೋಶ ಹಾಕಿದಾಗ ನಡೆಯುವುದು ಅದರ ತಿರುವುಮುರುವು: ಕೋಶಗಳೇ ಇಲಿಯನ್ನು ತಿರಸ್ಕರಿಸುತ್ತವೆ. ಮನುಷ್ಯನ ಟಿ ಕೋಶಕ್ಕೆ ಇಲಿಯ ಚರ್ಮ, ಕರುಳು, ಲಿವರ್, ಶ್ವಾಸಕೋಶ ಎಲ್ಲವೂ ಪರಕೀಯ. ನಾಲ್ಕರಿಂದ ಎಂಟು ವಾರಗಳಲ್ಲಿ ಇಲಿಯ ಬೆನ್ನು ಗೂನಾಗುತ್ತದೆ, ರೋಮ ಕೆದರುತ್ತದೆ, ತೂಕ ಇಳಿಯುತ್ತದೆ. ಮೂಳೆಮಜ್ಜೆ ಕಸಿ ಆದ ರೋಗಿಗಳಲ್ಲೂ ಇದೇ ತರಹದ ಕಾಯಿಲೆ ಬರುವುದುಂಟು. ಹಾಗಾಗಿ ಪ್ರಯೋಗಕ್ಕೆ ಸಿಗುವುದು ಕೋಶ ಹಿಡಿದ ಮೇಲೆ, ಈ ಕಾಯಿಲೆ ಬರುವ ಮೊದಲು ಇರುವ ಕೆಲವು ವಾರಗಳು ಮಾತ್ರ.

ಇಷ್ಟೆಲ್ಲ ಪಾಡು ಯಾಕೆ? ಆರೋಗ್ಯವಂತ ಇಲಿಯಲ್ಲಿ ಸಾವಿರ ಬಗೆಯ ಕೆಲಸ ಒಟ್ಟಿಗೇ ನಡೆಯುತ್ತಿರುತ್ತದೆ. ಯಾವ ಕೋಶ ಏನು ಮಾಡಿತೆಂದು ಬೇರ್ಪಡಿಸಿ ನೋಡಲಾಗುವುದಿಲ್ಲ. ಏನೂ ಇಲ್ಲದ ಇಲಿಗೆ ಒಂದೇ ಬಗೆಯ ಕೋಶ ಹಾಕಿದರೆ, ಆಗುವುದಕ್ಕೆಲ್ಲ ಅದೇ ಜವಾಬ್ದಾರಿ. ಬೇಕೆಂದೇ ಒಂದು ಬಗೆಯನ್ನು ಬಿಟ್ಟು ಹಾಕಿದರಂತೂ ಇನ್ನೂ ಜಾಸ್ತಿ ಗೊತ್ತಾಗುತ್ತದೆ.

2025ರ ವೈದ್ಯಕೀಯ ನೊಬೆಲ್ ಮೇರಿ ಬ್ರಂಕೋ, ಫ್ರೆಡ್ ರಾಮ್ಸ್‌ಡೆಲ್, ಶಿಮೋನ್ ಸಕಾಗುಚಿ ಅವರಿಗೆ ಬಂತಲ್ಲ. ಅದರಲ್ಲಿ ಸಕಾಗುಚಿ 1995ರಲ್ಲಿ ಪ್ರಕಟಿಸಿದ ಪ್ರಯೋಗ ನೋಡಿ. ಆರೋಗ್ಯವಂತ ಇಲಿಯ ಟಿ ಕೋಶಗಳನ್ನು ತೆಗೆದುಕೊಂಡರು. ಅದರಲ್ಲಿ ಸಿಡಿ25 ಎಂಬ ಗುರುತಿದ್ದ ಕೋಶಗಳನ್ನು ಮಾತ್ರ ಹೊರಗಿಟ್ಟರು. ಅವು ಸಣ್ಣ ಪಾಲು, ಸಿಡಿ4 ಎಂಬ ಬಗೆಯ ಟಿ ಕೋಶಗಳಲ್ಲಿ ನೂರಕ್ಕೆ ಐದರಿಂದ ಹತ್ತು. ಉಳಿದದ್ದನ್ನು ಅದೇ ತಳಿಯ ನ್ಯೂಡ್ ಇಲಿಗೆ ಹಾಕಿದರು. ಇಲ್ಲಿ ಮನುಷ್ಯನ ಕೋಶವಲ್ಲ, ಇಲಿಯದ್ದೇ ಕೋಶ ಇಲಿಗೆ. ತಿರಸ್ಕಾರಕ್ಕೆ ಕಾರಣವೇ ಇಲ್ಲ. ಆದರೂ ಇಲಿಗಳ ಥೈರಾಯ್ಡ್, ಹೊಟ್ಟೆ, ಅಂಡಾಶಯಗಳ ಮೇಲೆ ಹಾಕಿದ ಆ ಟಿ ಕೋಶಗಳ ದಾಳಿ ಶುರುವಾಯಿತು. ಹೊರಗಿಟ್ಟ ಕೋಶಗಳನ್ನು ಬೇಗನೆ ಹಿಂದಕ್ಕೆ ಹಾಕಿದರೆ ಕಾಯಿಲೆ ಬರಲಿಲ್ಲ. ತಡಮಾಡಿದರೆ ಆ ಲಾಭ ಇಲ್ಲ.

ಯೋಚನೆ ಮಾಡಿ. ಸ್ವಂತ ಮೈಯನ್ನೇ ತಿನ್ನಬಲ್ಲ ಕೋಶಗಳು ಆರೋಗ್ಯವಂತ ಇಲಿಯಲ್ಲೂ ಇದ್ದವು. ಅವನ್ನು ಹಿಡಿದಿಡುವ ಕೋಶಗಳೂ ಜೊತೆಗೇ ಇದ್ದವು. ಒಟ್ಟಿಗೆ ಇದ್ದಷ್ಟು ದಿನ ಎರಡೂ ಕಾಣಲಿಲ್ಲ. ಖಾಲಿ ಇಲಿ ಇಲ್ಲದೆ ಇದನ್ನು ತೋರಿಸುವುದು ಕಷ್ಟವಿತ್ತು. ಇದಕ್ಕೆ ಎರಡು ವರ್ಷ ಮೊದಲು, 1993ರಲ್ಲಿ, ಫಿಯೋನಾ ಪೌರಿ ಮತ್ತು ಸಂಗಡಿಗರು ಸ್ಕಿಡ್ ಇಲಿಗಳಲ್ಲಿ ಇಂಥದ್ದೇ ಕೆಲಸ ಮಾಡಿದ್ದರು. ಟಿ ಕೋಶಗಳ ಒಂದು ಗುಂಪನ್ನು ಮಾತ್ರ ಹಾಕಿದರೆ ದೊಡ್ಡ ಕರುಳು ಉರಿದು ಊದುತ್ತದೆ, ಇನ್ನೊಂದು ಗುಂಪನ್ನೂ ಸೇರಿಸಿದರೆ ಊದುವುದಿಲ್ಲ. ಕರುಳಿನ ಉರಿಯೂತದ ಔಷಧಿ ಹುಡುಕುವವರು ಇವತ್ತಿಗೂ ಈ ಮಾದರಿ ಬಳಸುತ್ತಾರೆ.

ಒಂದು ಎಚ್ಚರಿಕೆ ಬೇಕು. ಖಾಲಿ ಮೈ ಕಂಡರೆ ಟಿ ಕೋಶಗಳು ಸುಮ್ಮನೆ ಕೂರುವುದಿಲ್ಲ. ಜಾಗ ತುಂಬುವವರೆಗೆ ತಾವೇ ದುಪ್ಪಟ್ಟಾಗುತ್ತ ಹೋಗುತ್ತವೆ, ಆ ಭರದಲ್ಲಿ ಇರುವುದಕ್ಕಿಂತ ಜಾಸ್ತಿ ಉಗ್ರವಾಗುತ್ತವೆ. ಖಾಲಿ ಇಲಿಯಲ್ಲಿ ಒಂದು ಕೋಶ ಕಾಯಿಲೆ ತಂದಿತು ಎಂದರೆ ಅದಕ್ಕೆ ಅಂಥ ಶಕ್ತಿ ಉಂಟು ಎಂದಷ್ಟೇ ಅರ್ಥ. ತುಂಬಿದ ಮೈಯಲ್ಲಿ ಅದು ಹಾಗೆ ಮಾಡಿಯೇ ಮಾಡುತ್ತದೆ ಎಂದಲ್ಲ. ಪತ್ರಿಕೆಗಳಲ್ಲಿ ‘ಇಲಿಗಳಲ್ಲಿ ಗುಣವಾಯಿತು’ ಎಂಬ ಸುದ್ದಿ ಓದುವಾಗ ಈ ಭಾಗ ಯಾವಾಗಲೂ ಬಿಟ್ಟುಹೋಗಿರುತ್ತದೆ.

ಹಾಕದೇ ಇದ್ದ ಕೋಶದ ಬಗ್ಗೆ ಇಲಿ ಏನೂ ಹೇಳುವುದಿಲ್ಲ ಎನ್ನುವುದಕ್ಕೆ ಕಾರ್-ಟಿ ಚಿಕಿತ್ಸೆಗಿಂತ ಒಳ್ಳೆಯ ಉದಾಹರಣೆ ನನಗೆ ಗೊತ್ತಿಲ್ಲ. ರೋಗಿಯ ಟಿ ಕೋಶವನ್ನು ಹೊರತೆಗೆದು, ಕ್ಯಾನ್ಸರ್ ಕೋಶವನ್ನು ಗುರುತು ಹಿಡಿಯುವ ಜೀನ್ ಹಾಕಿ, ಮತ್ತೆ ಅವರ ಮೈಗೇ ಬಿಡುವ ಚಿಕಿತ್ಸೆ ಅದು. ಇದನ್ನು ಮೊದಲು ಪರೀಕ್ಷಿಸುವುದು ಇಂಥ ಇಲಿಗಳಲ್ಲೇ. ಮನುಷ್ಯನ ರಕ್ತಕ್ಯಾನ್ಸರ್ ಕೋಶ ಹಾಕಿ, ಆಮೇಲೆ ಕಾರ್-ಟಿ ಕೋಶ ಹಾಕುತ್ತಾರೆ. ಕ್ಯಾನ್ಸರ್ ಕರಗಿತು, ಇಲಿ ಆರಾಮವಾಗಿತ್ತು. 2012ರಲ್ಲಿ ಫಿಲಡೆಲ್ಫಿಯಾದಲ್ಲಿ ಎಮಿಲಿ ವೈಟ್‌ಹೆಡ್ ಎಂಬ ಪುಟ್ಟ ಹುಡುಗಿಗೆ ಈ ಚಿಕಿತ್ಸೆ ಕೊಟ್ಟಾಗ ವಿಪರೀತ ಜ್ವರ ಬಂತು, ರಕ್ತದೊತ್ತಡ ಬಿತ್ತು, ವೆಂಟಿಲೇಟರಿಗೆ ಹಾಕಬೇಕಾಯಿತು. ರಕ್ತದಲ್ಲಿ ಐಎಲ್-6 ಎಂಬ, ಉರಿಯೂತ ಎಬ್ಬಿಸುವ ಪ್ರೋಟೀನ್ ಬಹಳ ಏರಿತ್ತು. ಅದನ್ನು ತಡೆಯುವ ಸಂಧಿವಾತದ ಔಷಧಿ ಕೊಟ್ಟ ಮೇಲೆ ಬದುಕಿಕೊಂಡಳು, ಕ್ಯಾನ್ಸರೂ ಹೋಯಿತು.

ಇಲಿ ಈ ಅಪಾಯವನ್ನು ಮೊದಲೇ ಯಾಕೆ ಹೇಳಲಿಲ್ಲ? ಆ ಇಲಿಗಳಲ್ಲಿ ಮನುಷ್ಯನ ಟಿ ಕೋಶ ಇತ್ತು, ಮನುಷ್ಯನ ಮೊನೊಸೈಟ್ (ಮ್ಯಾಕ್ರೊಫೇಜಾಗಿ ಬೆಳೆಯಬಲ್ಲ ಬಿಳಿ ರಕ್ತಕಣ) ಇರಲಿಲ್ಲ. 2018ರಲ್ಲಿ ಇಟಲಿಯ ಮಿಲಾನಿನ ಸಂಶೋಧಕರು ಮೊನೊಸೈಟುಗಳೂ ಬೆಳೆಯುವಂಥ ಇಲಿಗಳನ್ನು ಬಳಸಿದಾಗ ಅದೇ ಜ್ವರದ ಬಿರುಗಾಳಿ ಇಲಿಯಲ್ಲೂ ಎದ್ದಿತು. ಐಎಲ್-6ನ್ನೂ ಅದೇ ಥರದ ಐಎಲ್-1ನ್ನೂ ಸುರಿಸುತ್ತಿದ್ದದ್ದು ಮುಖ್ಯವಾಗಿ ಮೊನೊಸೈಟುಗಳೇ ಎಂದು ಗೊತ್ತಾಯಿತು. ನಮ್ಮಲ್ಲಿ ಮುಂಬೈ ಐಐಟಿ ಮತ್ತು ಟಾಟಾ ಮೆಮೋರಿಯಲ್ ಆಸ್ಪತ್ರೆಯವರು ಕೂಡಿ ಬೆಳೆಸಿದ ನೆಕ್ಸ್‌ಕಾರ್19 ಎಂಬ ಕಾರ್-ಟಿ ಚಿಕಿತ್ಸೆಗೆ 2023ರ ಅಕ್ಟೋಬರಿನಲ್ಲಿ ಅನುಮತಿ ಸಿಕ್ಕಿತು. ಮಗಳು ಈ ದಾರಿಯಲ್ಲಿ ಹೋದರೆ ಕೆಲಸಕ್ಕೇನೂ ಬರವಿಲ್ಲ.

ಹಿಂಸೆಯ ಪ್ರಶ್ನೆಗೆ ಬರುತ್ತೇನೆ. ಹೌದು, ನೋವು ಉಂಟು. ಸೂಜಿ ಚುಚ್ಚುವುದು ದೊಡ್ಡದಲ್ಲ. ಆಮೇಲೆ ಕೋಶಗಳು ಇಲಿಯ ಮೇಲೆ ತಿರುಗಿಬೀಳುವುದು ನಿಜವಾದ ಸಂಕಟ. ನಮ್ಮ ದೇಶದಲ್ಲಿ 1960ರ ಪ್ರಾಣಿಹಿಂಸೆ ತಡೆ ಕಾಯ್ದೆಯ ಕೆಳಗೆ ಇಂಥ ಪ್ರಯೋಗಗಳಿಗೆ ನಿಯಮಗಳಿವೆ, ಪ್ರತಿ ಸಂಸ್ಥೆಯ ನೈತಿಕ ಸಮಿತಿ ಮೊದಲೇ ಒಪ್ಪಬೇಕು. ಎಷ್ಟು ಇಲಿ, ಯಾಕೆ ಅಷ್ಟೇ ಬೇಕು, ಯಾವ ಹಂತದಲ್ಲಿ ನಿಲ್ಲಿಸುತ್ತೀರಿ, ಎಲ್ಲವನ್ನೂ ಬರೆದು ಕೊಡಬೇಕು. ವಾರಕ್ಕೆ ಎರಡು ಮೂರು ಸಲ ತೂಕ ನೋಡುತ್ತಾರೆ. ನೂರಕ್ಕೆ ಇಪ್ಪತ್ತರಷ್ಟು ಇಳಿದರೆ ಸಾಯುವವರೆಗೆ ಕಾಯುವುದಿಲ್ಲ, ನೋವಾಗದ ಹಾಗೆ ಕೊನೆಗೊಳಿಸುತ್ತಾರೆ. ಕಾಯಿಲೆಯ ಲಕ್ಷಣ ಶುರುವಾದ ಮೇಲೆ ತೂಕ ನೋಡುವ ದಿನ ತಪ್ಪಿಸಲು ಬರುವುದಿಲ್ಲ. ಹಬ್ಬಕ್ಕೆ ಬರುತ್ತೇನೆಂದು ಹೇಳಿ ಮಗಳು ಕೊನೇ ಗಳಿಗೆಯಲ್ಲಿ ಬಾರದಿದ್ದರೆ ಬೇಜಾರು ಮಾಡಬೇಡಿ. ನನ್ನ ಮಟ್ಟಿಗೆ, ಸರಿಯಾಗಿ ಯೋಜನೆ ಹಾಕದೆ, ಉತ್ತರವೇ ಸಿಗದ ಪ್ರಯೋಗಕ್ಕೆ ಇಲಿ ಬಳಸುವುದಕ್ಕೆ ಕ್ಷಮೆಯಿಲ್ಲ. ಅಂಥದ್ದು ನಡೆಯುವುದಿಲ್ಲ ಎಂದು ಸುಳ್ಳು ಹೇಳಲಾರೆ.

ಕೊನೆಗೆ ಇಲಿಜ್ವರ. ಅದು ಲೆಪ್ಟೊಸ್ಪೈರಾ ಎಂಬ ಬ್ಯಾಕ್ಟೀರಿಯಾದಿಂದ ಬರುವುದು. ಊರಿನ ಇಲಿ, ಹೆಗ್ಗಣಗಳ ಉಚ್ಚೆ ನೀರಿಗೆ ಸೇರಿ, ಕಾಲಿನ ಗಾಯದ ಮೂಲಕ ನಮ್ಮ ಮೈಗೆ ಬರುತ್ತದೆ. ಲ್ಯಾಬಿನ ಈ ಇಲಿಗಳು ತಲೆತಲಾಂತರದಿಂದ ಹೊರಗಿನ ಮಣ್ಣು ಕಂಡವಲ್ಲ. ಗೂಡಿಗೆ ಸೋಸಿದ ಗಾಳಿ, ತಿನ್ನುವ ತಿಂಡಿ, ಹಾಸು, ನೀರು ಎಲ್ಲವೂ ಕ್ರಿಮಿ ಕೊಂದದ್ದು. ಆ ಲೆಕ್ಕದಲ್ಲಿ ಮಗಳಿಗಿಂತ ಅಪಾಯ ಜಾಸ್ತಿ ಇರುವುದು ಮಳೆಗಾಲದಲ್ಲಿ ಬರಿಗಾಲಲ್ಲಿ ತೋಟದ ಕಣಿ ಬಿಡಿಸುವ ನಿಮಗೇ. ಗಂಬೂಟು ಹಾಕಿ. ಡಾಕ್ಸಿಸೈಕ್ಲಿನ್ ಮಾತ್ರೆ ಬೇಕಾ ಎಂದು ಆರೋಗ್ಯ ಕೇಂದ್ರದಲ್ಲಿ ಕೇಳಿ.

ಅವಳಿಗಿರುವ ಅಪಾಯ ಬೇರೆ. ಅವಳು ಮುಟ್ಟುವುದು ಮನುಷ್ಯರ ರಕ್ತ, ಕೈಯಲ್ಲಿರುವುದು ಸೂಜಿ. ದಾನಿಗಳ ರಕ್ತವನ್ನು ಎಚ್‌ಐವಿ, ಹೆಪಟೈಟಿಸ್ ಬಿ, ಸಿಗೆ ಪರೀಕ್ಷಿಸಿದ್ದರೂ ಎಲ್ಲ ರಕ್ತವನ್ನೂ ಸೋಂಕು ಇರುವ ಹಾಗೆಯೇ ಕಾಣಬೇಕು. ಬಳಸಿದ ಸೂಜಿಗೆ ಮತ್ತೆ ಮುಚ್ಚಳ ಹಾಕಬಾರದು. ಹೆಪಟೈಟಿಸ್ ಬಿ ಲಸಿಕೆಯ ಮೂರು ಡೋಸ್ ಆಗಿದೆಯಾ, ಆಮೇಲೆ ಒಂದೆರಡು ತಿಂಗಳಿಗೆ ರಕ್ತದಲ್ಲಿ ಪ್ರತಿಕಾಯ ಬಂದಿದೆಯಾ ಎಂದು ನೋಡಿಸಿದ್ದಾಳಾ, ಇದನ್ನು ಖಂಡಿತ ಕೇಳಿ. ಕೆಲವರಿಗೆ ಇಲಿಯ ಉಚ್ಚೆಯಲ್ಲಿರುವ ಪ್ರೋಟೀನಿನಿಂದ ಅಲರ್ಜಿ ಬರುತ್ತದೆ. ಸೀನು, ಕಣ್ಣು ತುರಿಕೆಯಿಂದ ಶುರುವಾಗಿ ಉಬ್ಬಸದವರೆಗೂ ಹೋಗಬಹುದು. ಸೀನು ಬಂದಾಗಲೇ ಹೇಳಿಕೊಂಡರೆ ಒಳ್ಳೆಯದು.

ಸೋಂಕಿನ ಮಟ್ಟಿಗೆ ಜಾಸ್ತಿ ಹೆದರಬೇಕಾದವು ಆ ಇಲಿಗಳು. ನಮಗೆ ಏನೂ ಮಾಡದ ಸೂಕ್ಷ್ಮಾಣು ಅವನ್ನು ಕೊಲ್ಲಬಹುದು. ನ್ಯುಮೊಸಿಸ್ಟಿಸ್ ಎಂಬ ಶಿಲೀಂಧ್ರ ಹೊಕ್ಕರೆ ಒಂದು ಕೋಣೆಯ ಇಲಿಗಳೆಲ್ಲ ನ್ಯುಮೋನಿಯಾದಿಂದ ಹೋದಾವು. ಊರ ಇಲಿಯಿಂದ ಬರುವ ವೈರಸ್ಸುಗಳೂ ಹಾಗೆಯೇ. ಆದ್ದರಿಂದ ಅವಳು ರಜೆಗೆ ಬಂದಾಗ ಅಟ್ಟದ ಇಲಿಬೋನು ತೆಗೆಯುವ ಕೆಲಸ ಅವಳಿಗೆ ಹೇಳಬೇಡಿ. ಮುಟ್ಟಿದ್ದರೆ ಲ್ಯಾಬಿಗೆ ಹೋದ ಕೂಡಲೇ ಅಲ್ಲಿಯ ಪಶುವೈದ್ಯರಿಗೆ ತಿಳಿಸಲಿ. ಇಲಿಕೋಣೆಗೆ ಎಷ್ಟು ದಿನ ಬಿಟ್ಟು ಹೋಗಬೇಕೆಂದು ಅವರು ಹೇಳುತ್ತಾರೆ.